ಪಫ್‌ಗೆ ಇಪ್ಪತ್ತು, ಕ್ರೊಸಾಂಟ್‌ಗೆ ನೂರತೊಂಬತ್ತು

ಬೆಂಗಳೂರಿನ ವಿಜಯನಗರದ ಹೆಸರು ಕೇಳದ ಸ್ಪರ್ಧಾತ್ಮಕ ಪರೀಕ್ಷೆಯ ಅಭ್ಯರ್ಥಿ ನಮ್ಮ ರಾಜ್ಯದಲ್ಲಿ ಸಿಗುವುದು ಕಷ್ಟ. ಕೋಚಿಂಗ್ ಸೆಂಟರ್‌ಗಳು, ಅವುಗಳ ಸುತ್ತ ಪಿ.ಜಿ.ಗಳು, ಹಳೆ ಪ್ರಶ್ನೆಪತ್ರಿಕೆ ಮಾರುವ ಜೆರಾಕ್ಸ್ ಅಂಗಡಿಗಳು, ತಿಂಗಳ ಬಾಡಿಗೆಗೆ ಕುರ್ಚಿ–ಟೇಬಲ್ ಕೊಡುವ ರೀಡಿಂಗ್ ರೂಮ್‌ಗಳು. ಬಿ.ಕಾಂ. ಮುಗಿಸಿ ಬ್ಯಾಂಕ್ ಕ್ಲರ್ಕ್ ಪರೀಕ್ಷೆಗೆ ಓದಲೆಂದು ತಿಪಟೂರಿನಿಂದ ಇಲ್ಲಿಗೆ ಬಂದು ನನಗೆ ಎರಡು ವರ್ಷ ಆಯಿತು. ಸಂಜೆ ಮೂರು ಮಕ್ಕಳಿಗೆ ಟ್ಯೂಷನ್ ಹೇಳಿ ಖರ್ಚು ಸರಿದೂಗಿಸಿಕೊಳ್ಳುತ್ತೇನೆ.

ನಮ್ಮ ಪಿ.ಜಿ. ಇರುವ ಕ್ರಾಸ್‌ನ ಕೊನೆಯಲ್ಲಿ ಒಂದು ಹಿಟ್ಟಿನ ಗಿರಣಿ ಇತ್ತು. ಕಳೆದ ವರ್ಷ ಅದು ಮುಚ್ಚಿತು. ಆರು ತಿಂಗಳು ಬಾಗಿಲಿಗೆ ತಗಡು ಹೊಡೆದಿದ್ದರು. ತಗಡು ತೆಗೆದಾಗ ನೋಡಿದರೆ ಒಳಗೆ ಬೇಕರಿ. ನಾವು ನೋಡಿದಂಥ ಬೇಕರಿಯಲ್ಲ. ಗಾಜಿನ ಡಬ್ಬಿಗಳಿಲ್ಲ, ತೂಗುಹಾಕಿದ ಚಿಪ್ಸ್ ಪಾಕೀಟುಗಳಿಲ್ಲ. ಬಿಳಿ ಗೋಡೆ, ಮರದ ಮೇಜು, ಹಳದಿ ಬೆಳಕು. ಬೋರ್ಡಿನಲ್ಲಿ ಶೇ 60ರಷ್ಟು ಕನ್ನಡ ಇರಬೇಕೆಂಬ ನಿಯಮ ಇದೆಯಲ್ಲ, ಅದನ್ನು ಪಾಲಿಸಿದ್ದರು. ದೊಡ್ಡ ಕನ್ನಡ ಅಕ್ಷರಗಳಲ್ಲಿ ‘ಪ್ಯಾಟಿಸರಿ’ ಎಂದು ಬರೆದಿತ್ತು. ಕನ್ನಡದಲ್ಲೇ ಬರೆದದ್ದನ್ನು ಎರಡು ಸಲ ಓದಿಯೂ ಅರ್ಥವಾಗದೇ ಹೋದದ್ದು ನನಗೆ ಅದೇ ಮೊದಲು.

ಬೆಳಿಗ್ಗೆ ಏಳಕ್ಕೆ ರೀಡಿಂಗ್ ರೂಮ್‌ಗೆ ಹೋಗುವಾಗ ಆ ಅಂಗಡಿಯಿಂದ ಬೆಣ್ಣೆ ಕಾಯಿಸಿದ ವಾಸನೆ ರಸ್ತೆಗೆ ಬರುತ್ತಿತ್ತು. ಹೊರಗಿಟ್ಟ ಕಪ್ಪು ಹಲಗೆಯಲ್ಲಿ ಸೀಮೆಸುಣ್ಣದಲ್ಲಿ ಬೆಲೆ: ಬೆಣ್ಣೆ ಕ್ರೊಸಾಂಟ್ 190, ಬಾದಾಮಿ ಕ್ರೊಸಾಂಟ್ 260, ಕ್ಯಾಪುಚಿನೊ 210. ನನ್ನ ಲೆಕ್ಕದಲ್ಲಿ 190 ರೂಪಾಯಿ ಅಂದರೆ ದರ್ಶಿನಿಯಲ್ಲಿ ಮೂರು ದಿನದ ತಿಂಡಿ. ಆದ್ದರಿಂದ ನಾಲ್ಕೈದು ತಿಂಗಳು ನಾನು ವಾಸನೆಗೇ ತೃಪ್ತಿಪಟ್ಟುಕೊಂಡೆ. ಅದಕ್ಕೆ ಜಿಎಸ್‌ಟಿ ಇರಲಿಲ್ಲ.

ಒಳಗೆ ಹೋದದ್ದು ಮೇನ್ಸ್ ಫಲಿತಾಂಶ ಬಂದ ದಿನ. ಕಟಾಫ್‌ಗೆ ಒಂದೂಕಾಲು ಅಂಕ ಕಡಿಮೆ. ಎರಡನೇ ಸಲ. ನನ್ನ ರೂಮ್‌ಮೇಟ್‌ಗೂ ಹೋಗಿತ್ತು. ಅವಳು ಮಂಚದ ಮೇಲೆ ಸ್ವಲ್ಪ ಹೊತ್ತು ಕೂತಿದ್ದು, ‘ಏಳೇ, ಅಳೋದೇ ಆದ್ರೆ ಎಸಿ ಕೆಳಗೆ ಕೂತು ಅಳೋಣ’ ಎಂದಳು. ಒಂದು ಕ್ರೊಸಾಂಟ್, ಎರಡು ಕ್ಯಾಪುಚಿನೊ. ತೆರಿಗೆ ಸೇರಿ 640 ರೂಪಾಯಿ 50 ಪೈಸೆ. ಆರ್ಡರ್ ಮಾಡುವಾಗ ನಾನು ‘ಕ್ರೋಯಿಸ್ಸಂಟ್’ ಎಂದೆ. ಕೌಂಟರಿನ ಹುಡುಗ ನಗಲಿಲ್ಲ, ತಿದ್ದಲೂ ಇಲ್ಲ. ಆ ಉಪಕಾರ ಮರೆಯಲಾರೆ.

ಮೊದಲ ತುತ್ತಿನಲ್ಲೇ ನನಗೆ ಗೊತ್ತಾಯಿತು. ಮೇಲಿನ ಪದರ ಒಡೆದು ತಟ್ಟೆಯ ತುಂಬ ಉದುರಿತು, ಒಳಗಿನ ಪದರಗಳು ಒಂದರಿಂದ ಒಂದು ಬಿಟ್ಟುಕೊಂಡವು. ‘ಲೇ, ಇದು ಪಫ್ ಕಣೇ’ ಎಂದೆ. ಪಲ್ಯ ಇಲ್ಲದ, ಬೆಣ್ಣೆ ಹಾಕಿದ, ಸ್ವಲ್ಪ ಉಬ್ಬಿದ ಪಫ್. ಅವಳಿಗೆ ನಂಬಿಕೆ ಬರಲಿಲ್ಲ. ಆದರೆ ಪಫ್ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಿಲ್ಲ. ನಾನು ಬೆಳೆದದ್ದೇ ಅದರ ಮೇಲೆ.

ತಿಪಟೂರಿನ ಬಸ್ ಸ್ಟ್ಯಾಂಡಿನ ಹತ್ತಿರ ನನ್ನ ಸೋದರಮಾವನ ಬೇಕರಿ ಇದೆ. ಬೋರ್ಡಿನಲ್ಲಿ ‘ಅಯ್ಯಂಗಾರ್ ಬೇಕರಿ’ ಎಂದಿದೆ. ನಾವು ಅಯ್ಯಂಗಾರರಲ್ಲ. ಮಾವ ಹದಿನಾಲ್ಕನೇ ವಯಸ್ಸಿಗೆ ಬೆಂಗಳೂರಿಗೆ ಬಂದು ಅಯ್ಯಂಗಾರರೊಬ್ಬರ ಬೇಕರಿಯಲ್ಲಿ ತಟ್ಟೆ ತೊಳೆಯುತ್ತ ಶುರುಮಾಡಿ, ಹನ್ನೊಂದು ವರ್ಷ ಅಲ್ಲೇ ಇದ್ದು ಕೆಲಸ ಕಲಿತು, ಊರಿಗೆ ವಾಪಸಾಗಿ ಅಂಗಡಿ ಹಾಕಿದವರು. ಗುರುವಿನ ಮನೆತನದ ಹೆಸರನ್ನು ಬೋರ್ಡಿಗೆ ಹಾಕಿಕೊಂಡರು. ಕರ್ನಾಟಕದ ಎಷ್ಟೋ ಅಯ್ಯಂಗಾರ್ ಬೇಕರಿಗಳ ಕಥೆ ಹೀಗೇ ಇದೆ. ಮೂಲದಲ್ಲಿ ಅದು ಹಾಸನದ ಕಡೆಯಿಂದ ಬಂದವರು ಬೆಂಗಳೂರಿನಲ್ಲಿ ಕಟ್ಟಿದ ಕಸುಬು. ಚಿಕ್ಕಪೇಟೆಯಲ್ಲಿ 1898ರಲ್ಲಿ ಶುರುವಾದ ಬಿ.ಬಿ. ಬೇಕರಿಯನ್ನು ಅದರ ಆರಂಭ ಎನ್ನುತ್ತಾರೆ. ಸಿಹಿತಿಂಡಿ ಮಾಡುತ್ತಿದ್ದ ಆ ಮನೆಯವರಿಗೆ ಬ್ರೆಡ್ ಮಾಡುವುದನ್ನು ಹೇಳಿಕೊಟ್ಟದ್ದು ಒಬ್ಬ ಇಂಗ್ಲಿಷರವನು ಎಂಬ ಮಾತೂ ಇದೆ. ಅವರು ಮೊಟ್ಟೆ ಬಿಟ್ಟು, ಹಸಿಮೆಣಸಿನಕಾಯಿ, ಈರುಳ್ಳಿ, ಕೊತ್ತಂಬರಿ ಹಾಕಿ ಖಾರಾ ಬನ್ ಮಾಡಿದರು; ಕೊಬ್ಬರಿ, ಟೂಟಿಫ್ರೂಟಿ ತುಂಬಿ ದಿಲ್‌ಪಸಂದ್ ಮಾಡಿದರು. ನಮ್ಮದು ಕೊಬ್ಬರಿಯ ಊರು. ಮಾವನ ದಿಲ್‌ಪಸಂದ್‌ನಲ್ಲಿ ಕೊಬ್ಬರಿಗೆ ಕೈ ಹಿಡಿತ ಇರುವುದಿಲ್ಲ.

ಪಫ್ ಮಾಡುವುದನ್ನು ನೀವು ನೋಡಿದ್ದೀರೋ ಇಲ್ಲವೋ. ಮೈದಾ ಹಿಟ್ಟನ್ನು ಕಲಸಿ, ನಾದಿ, ಒದ್ದೆ ಬಟ್ಟೆ ಮುಚ್ಚಿ ಬಿಡಬೇಕು. ಹಾಸಿದ ಹಿಟ್ಟಿನ ಮೇಲೆ ಮಾರ್ಗರಿನ್ ಸವರಿ ಮೂರು ಮಡಿಕೆ ಮಡಿಸಬೇಕು. ಮತ್ತೆ ಲಟ್ಟಿಸಿ ಹಾಸಿ, ಮತ್ತೆ ಮೂರು ಮಡಿಕೆ. ನಡುನಡುವೆ ಹಿಟ್ಟಿಗೆ ವಿಶ್ರಾಂತಿ ಕೊಡಬೇಕು, ಇಲ್ಲದಿದ್ದರೆ ಎಳೆದಷ್ಟೂ ಹಿಂದಕ್ಕೆ ಬರುತ್ತದೆ. ಮೂರು ಸಲ ಮಡಿಸಿದರೆ ಇಪ್ಪತ್ತೇಳು ಪದರ. ಓವನ್ನಿನ ಕಾವಿಗೆ ಹಿಟ್ಟಿನೊಳಗಿನ ನೀರು ಆವಿಯಾಗಿ, ಜಿಡ್ಡು ನಡುವೆ ಇರುವುದರಿಂದ ಪದರಗಳು ಅಂಟಿಕೊಳ್ಳದೆ ಮೇಲೇಳುತ್ತವೆ. ಕೈ ಭಾರವಾದರೆ ಪದರ ಹರಿದು ಒಂದಾಗುತ್ತದೆ. ಆಮೇಲೆ ಏನು ಮಾಡಿದರೂ ಅದು ಪಫ್ ಅಲ್ಲ, ಗಟ್ಟಿ ಬಿಸ್ಕತ್ತು.

ಕ್ರೊಸಾಂಟ್ ಕೂಡ ಇದೇ ಮಡಿಕೆಯ ವಿದ್ಯೆ. ಎರಡೇ ವ್ಯತ್ಯಾಸ. ಆ ಹಿಟ್ಟಿಗೆ ಯೀಸ್ಟ್ ಹಾಕಿ ಹುದುಗಿಸುತ್ತಾರೆ, ಮಾರ್ಗರಿನ್ ಬದಲು ಬೆಣ್ಣೆ ಬಳಸುತ್ತಾರೆ. ಪಫ್‌ನ ಮಾರ್ಗರಿನ್ ನಮ್ಮ ಬಿಸಿಲಿಗೆ ಸುಲಭಕ್ಕೆ ಕರಗುವುದಿಲ್ಲ. ಬೆಣ್ಣೆ ಮೂವತ್ತು ಡಿಗ್ರಿ ದಾಟಿದರೆ ಹರಿಯಲು ಶುರು. ಹಾಗಾಗಿ ಅವರಿಗೆ ಎಸಿ ಕೋಣೆ ಬೇಕು, ಫ್ರಿಜ್ ಬೇಕು. ಮಾವನಿಗೆ ಎರಡೂ ಇಲ್ಲ. ಅವರು ಬೆಳಗಿನ ಜಾವ ಮೂರಕ್ಕೆ ಏಳುತ್ತಾರೆ. ಆರು ಗಂಟೆಯ ಬಸ್ಸಿನವರಿಗೆ ಬಿಸಿ ಪಫ್ ಸಿಗಲಿ ಎಂಬುದು ಒಂದು ಕಾರಣ. ಆ ಹೊತ್ತು ಮಾತ್ರ ಒಲೆಮನೆ ತಂಪಾಗಿರುತ್ತದೆ, ಹಿಟ್ಟು ಹೇಳಿದ ಮಾತು ಕೇಳುತ್ತದೆ ಎಂಬುದು ಇನ್ನೊಂದು.

ಇನ್ನು ಕ್ರೊಸಾಂಟ್ ಫ್ರಾನ್ಸಿನದು ಎಂಬ ಹೆಮ್ಮೆಯೂ ಪೂರ್ತಿ ನಿಜವಲ್ಲ. ವಿಯೆನ್ನಾದ ಕಿಪ್ಫೆಲ್ ಎಂಬ ಅರ್ಧಚಂದ್ರಾಕಾರದ ಬ್ರೆಡ್ ಅದರ ಹಿರಿಯಕ್ಕ. 1830ರ ದಶಕದ ಕೊನೆಯಲ್ಲಿ ಆಗಸ್ಟ್ ಜಾಂಗ್ ಎಂಬ ಆಸ್ಟ್ರಿಯಾದವನು ಪ್ಯಾರಿಸ್ಸಿನಲ್ಲಿ ಅಂಗಡಿ ಹಾಕಿ ಅದನ್ನು ಮಾರಿದ. ಫ್ರೆಂಚರು ಕಲಿತರು, ತಮ್ಮ ಕೈಯ ಗುಣ ಸೇರಿಸಿದರು. ಈ ಜಾತಿಯ ತಿಂಡಿಗಳನ್ನು ಅವರು ಇಂದಿಗೂ ‘ವಿಯೆನ್ನಾದವು’ ಎಂಬರ್ಥದ ಹೆಸರಿನಿಂದಲೇ ಕರೆಯುತ್ತಾರೆ. ಚಿಕ್ಕಪೇಟೆಯಲ್ಲಿ ಆದದ್ದೂ ಇದಕ್ಕಿಂತ ಬೇರೆಯಲ್ಲ.

ಇಷ್ಟೆಲ್ಲ ಗೊತ್ತಿರುವವಳು ಮಾವನ ಬಗ್ಗೆ ಹೇಗೆ ನಡೆದುಕೊಂಡೆ ಎಂದು ಹೇಳದಿದ್ದರೆ ಈ ಲೇಖನಕ್ಕೆ ಅರ್ಥವಿಲ್ಲ.

ನಾನು ಡಿಗ್ರಿ ಎರಡನೇ ವರ್ಷದಲ್ಲಿದ್ದಾಗ ಮಾವ ಪಫ್ ಬೆಲೆಯನ್ನು 15ರಿಂದ 18ಕ್ಕೆ ಏರಿಸಿದರು. ಕಾಲೇಜಿನವರೇ ಅವರ ಮುಖ್ಯ ಗಿರಾಕಿಗಳು. ನಮ್ಮ ಕ್ಲಾಸಿನ ಹುಡುಗರು ಒಂದು ವಾರ ಆ ಕಡೆ ತಲೆ ಹಾಕಲಿಲ್ಲ. ‘ಮೈದಾಗೆ ಮೂರು ರೂಪಾಯಿ ಜಾಸ್ತಿನಾ’ ಎಂದು ವಾಟ್ಸ್ಆ್ಯಪ್ ಗ್ರೂಪಿನಲ್ಲಿ ತಮಾಷೆ ಮಾಡಿದರು. ನಾನು ಅಂಗಡಿಗೆ ಹೋಗಿ ಗಿರಾಕಿಗಳ ಎದುರಿಗೇ, ‘ಏನ್ ಮಾವ, ಫ್ರೆಂಡ್ಸ್ ಮುಂದೆ ನನ್ನ ಮಾನ ಹೋಯ್ತು’ ಎಂದೆ. ನನ್ನ ಆ ವರ್ಷದ ಕಾಲೇಜು ಫೀಸು ಅದೇ ಅಂಗಡಿಯ ಗಲ್ಲಾಪೆಟ್ಟಿಗೆಯಿಂದ ಬಂದಿತ್ತು. ಅಪ್ಪ ಇಲ್ಲದ ಮನೆ ನಮ್ಮದು. ಮಾವ ಏನೂ ಹೇಳಲಿಲ್ಲ. ಎರಡು ಪಫ್ ಕಾಗದದಲ್ಲಿ ಸುತ್ತಿ ಕೈಗೆ ಕೊಟ್ಟರು.

ಬೆಂಗಳೂರಿಗೆ ಬಂದ ಮೇಲೂ ಯಾರಾದರೂ ಕೇಳಿದರೆ ‘ಮಾವ ಬಿಸಿನೆಸ್ ಮಾಡ್ತಾರೆ’ ಎನ್ನುತ್ತಿದ್ದೆ. ಅದು ಸುಳ್ಳೂ ಅಲ್ಲ, ನಿಜವೂ ಅಲ್ಲ. ಒಮ್ಮೆ ಅವರು ರಟ್ಟಿನ ಪೆಟ್ಟಿಗೆಗೆ ದಾರ ಕಟ್ಟಿಕೊಂಡು ಪಫ್, ಬೆಣ್ಣೆ ಬಿಸ್ಕತ್ತು ತಂದಿದ್ದರು. ಶರ್ಟಿನ ತೋಳಿನ ಮೇಲೆ ಹಿಟ್ಟಿನ ಕಲೆ. ಗೇಟಿನಲ್ಲೇ ಪೆಟ್ಟಿಗೆ ಇಸಿದುಕೊಂಡು, ‘ಕ್ಲಾಸಿಗೆ ಟೈಮ್ ಆಯ್ತು ಮಾವ’ ಎಂದು ಕಳಿಸಿಬಿಟ್ಟೆ. ಅಂದು ಭಾನುವಾರ.

ಈಗ ಮತ್ತೆ ಆ ಪ್ಯಾಟಿಸರಿಗೆ ಬನ್ನಿ. ಅಲ್ಲಿ ಅಡುಗೆಮನೆಗೂ ಗಿರಾಕಿಗಳಿಗೂ ನಡುವೆ ಗಾಜಿನ ಗೋಡೆ ಇದೆ. ಆಚೆ ಬದಿಯಲ್ಲಿ ನನ್ನ ವಯಸ್ಸಿನ ಒಬ್ಬ ಹುಡುಗಿ ತಲೆಗೆ ಬಟ್ಟೆ ಕಟ್ಟಿಕೊಂಡು ಹಿಟ್ಟು ಲಟ್ಟಿಸುತ್ತಿದ್ದಳು. ಅವಳು ಹಿಟ್ಟನ್ನು ತ್ರಿಕೋನಗಳಾಗಿ ಕತ್ತರಿಸಿ ಸುರುಳಿ ಸುತ್ತುವಾಗ ಮೂರು ಜನ ಎದ್ದು ಹೋಗಿ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡರು. ಒಬ್ಬರು, ‘ವಾವ್, ಎಷ್ಟು ತಾಳ್ಮೆ’ ಎಂದರು. ನಾನೂ ಹಾಗೇ ಅಂದುಕೊಂಡೆ. ಅದೇ ಹೊತ್ತಿಗೆ ನನಗೆ ಮಾವನ ಒಲೆಮನೆ ನೆನಪಾಯಿತು. ಅಲ್ಲಿಗೂ ಬೆಳಗಿನ ಜಾವ ನಾನು ಹೋಗಿದ್ದೇನೆ, ಚಿಕ್ಕವಳಿದ್ದಾಗ. ಮಾವನನ್ನು ಯಾರೂ ವಿಡಿಯೊ ಮಾಡಲಿಲ್ಲ. ನನಗೂ ಅದು ತಾಳ್ಮೆ ಅನ್ನಿಸಿರಲಿಲ್ಲ, ಬಡತನ ಅನ್ನಿಸಿತ್ತು.

ನನ್ನ ತಕರಾರು ಇದೇ. ನಾವು, ಅಂದರೆ ಓದಿದ ಹುಡುಗ–ಹುಡುಗಿಯರು, ಕೆಲಸವನ್ನು ನೋಡುವುದಿಲ್ಲ. ಕೆಲಸ ನಡೆಯುವ ಕೋಣೆಯ ಲೈಟು ನೋಡುತ್ತೇವೆ. ಒಂದೇ ಮಡಿಕೆ, ಒಂದೇ ಲಟ್ಟಣಿಗೆ. ಗಾಜಿನ ಹಿಂದೆ ನಡೆದರೆ ಅದು ಕಲೆ, ಹೊಗೆಯ ಹಿಂದೆ ನಡೆದರೆ ಅದು ‘ಏನೋ ಬೇಕರಿ ಇಟ್ಟುಕೊಂಡಿದ್ದಾರೆ’. ಮದುವೆ ಮಾತುಕತೆಯಲ್ಲಿ ಹುಡುಗ ‘ಪೇಸ್ಟ್ರಿ ಶೆಫ್’ ಎಂದರೆ ಎಲ್ಲಿ ಎಂದು ಕೇಳುತ್ತಾರೆ. ‘ಬೇಕರಿಯಲ್ಲಿ ಕೆಲಸ’ ಎಂದರೆ ಜಾತಕವನ್ನೇ ಕೇಳುವುದಿಲ್ಲ.

ಕಳೆದ ತಿಂಗಳು ಮಾವ ಒಂದು ಮದುವೆಗೆಂದು ನಮ್ಮ ಏರಿಯಾದ ಛತ್ರಕ್ಕೆ ಬಂದಿದ್ದರು. ಊಟ ಮುಗಿಸಿ ಫೋನ್ ಮಾಡಿ, ‘ಗೇಟ್ ಹತ್ರ ಬರ್ಲಾ ಪುಟ್ಟಿ, ಕ್ಲಾಸ್ ಇದ್ಯಾ?’ ಎಂದು ಕೇಳಿದರು. ಆ ಪ್ರಶ್ನೆ ನನಗೆ ಎಲ್ಲಿ ತಗುಲಬೇಕೋ ಅಲ್ಲಿ ತಗುಲಿತು. ನಾನೇ ಛತ್ರಕ್ಕೆ ಹೋಗಿ, ಟ್ಯೂಷನ್ ದುಡ್ಡು ಬಂದಿದೆ ಎಂದು ಹೇಳಿ, ಅವರನ್ನು ಆ ಅಂಗಡಿಗೆ ಕರೆದುಕೊಂಡು ಹೋದೆ. ಬೆಲೆ ನೋಡಿ ಬೈಯುತ್ತಾರೆ, ‘ದುಡ್ಡಿಗೆ ಕೊಬ್ಬು’ ಎನ್ನುತ್ತಾರೆ ಎಂದು ಎಣಿಸಿದ್ದೆ. ನಿಜ ಹೇಳಬೇಕೆಂದರೆ ಅವರು ಹಾಗೆ ಬೈದರೆ ನನಗೂ ಸಮಾಧಾನವಾಗುತ್ತಿತ್ತು.

ಮಾವ ಕ್ರೊಸಾಂಟನ್ನು ತಕ್ಷಣ ತಿನ್ನಲಿಲ್ಲ. ಕೈಯಲ್ಲಿ ಹಿಡಿದು ತೂಕ ನೋಡಿದರು. ತಿರುಗಿಸಿ ತಳ ನೋಡಿದರು. ಮೂಗಿನ ಹತ್ತಿರ ಹಿಡಿದು, ‘ಬೆಣ್ಣೆ ಒಳ್ಳೇದೇ ಹಾಕವ್ರೆ’ ಎಂದರು. ನಡುವೆ ಮುರಿದು ಒಳಗಿನ ಜೇನುಗೂಡಿನಂಥ ತೂತುಗಳನ್ನು ಕಿಟಕಿಯ ಬೆಳಕಿಗೆ ಹಿಡಿದರು. ‘ಹುದುಗು ಬಂದಿರೋ ಹಿಟ್ಟು. ಮೂರು ಮಡಿಕೆ. ಯಾರೋ ಕೈ ಹಗುರ ಇರೋರು’ ಎಂದರು. ಆಮೇಲೆ ತಿಂದರು, ಉದುರಿದ್ದನ್ನೂ ಬೆರಳಿಗೆ ಅಂಟಿಸಿಕೊಂಡು ತಿಂದರು. ಕ್ಯಾಪುಚಿನೊ ಮಾತ್ರ ಅವರಿಗೆ ಹಿಡಿಸಲಿಲ್ಲ. ‘ಕಾಫಿ ಎಲ್ಲೈತೆ, ಬರೀ ನೊರೆ’ ಎಂದರು. ಗೋಡೆಯ ಮೇಲೆ ಚಿಕ್ಕಮಗಳೂರಿನ ಅರೇಬಿಕಾ, ತೋಟ ಇಷ್ಟು ಎತ್ತರದಲ್ಲಿದೆ, ರುಚಿಯಲ್ಲಿ ಕಿತ್ತಳೆಯ ಛಾಯೆ ಇದೆ ಎಂದೆಲ್ಲ ಬರೆದಿದ್ದರು. ದೇಶದ ಕಾಫಿಯಲ್ಲಿ ಸುಮಾರು ಶೇ 70 ಬೆಳೆಯುವ ರಾಜ್ಯ ನಮ್ಮದು. ಪಕ್ಕದ ರಸ್ತೆಯ ದರ್ಶಿನಿಯ ಕಾಫಿಯೂ ಬಹುಶಃ ಅದೇ ಬೆಟ್ಟಗಳಿಂದ ಚಿಕೋರಿಯ ಜೊತೆ ಸೇರಿ ಬರುತ್ತದೆ. ಅದರ ಗೋಡೆಯ ಮೇಲೆ ಬರೆದಿರುವುದು ‘ಟೋಕನ್ ಪಡೆಯಿರಿ’ ಎಂದು ಮಾತ್ರ.

ಗಾಜಿನ ಆಚೆಯ ಹುಡುಗಿ ತಟ್ಟೆ ಇಡಲು ಹೊರಗೆ ಬಂದಾಗ ಮಾವ ಎದ್ದು ನಿಂತೇ ಮಾತಾಡಿಸಿದರು.

‘ಹಿಟ್ಟು ಎಷ್ಟೊತ್ತು ಬಿಡ್ತೀಯಮ್ಮ?’

‘ರಾತ್ರಿ ಪೂರ್ತಿ ಫ್ರಿಜ್‌ನಲ್ಲಿ ಅಂಕಲ್.’

‘ಕರೆಂಟ್ ಹೋದ್ರೆ?’

‘ಜನರೇಟರ್ ಇದೆ. ಒಂದ್ಸಲ ಎಸಿ ಕೆಟ್ಟಿತ್ತು, ಬೆಣ್ಣೆ ಎಲ್ಲ ಹರಿದುಹೋಯ್ತು. ಅವತ್ತು ಅತ್ತುಬಿಟ್ಟೆ.’

ಅವಳ ಮುಂಗೈ ಮೇಲೆ ಅಡ್ಡಡ್ಡ ಕಂದು ಗೆರೆಗಳಿದ್ದವು. ಬಿಸಿ ತಟ್ಟೆಯ ಅಂಚು ತಗುಲಿದ ಸುಟ್ಟ ಗಾಯ. ಮಾವ ತಮ್ಮ ಶರ್ಟಿನ ತೋಳು ಮಡಚಿ ತಮ್ಮ ಕೈ ತೋರಿಸಿದರು. ಅದೇ ಜಾಗ, ಅವೇ ಗೆರೆಗಳು, ಮೂವತ್ತು ವರ್ಷದ್ದು. ಹುಡುಗಿ ನಕ್ಕಳು. ‘ಯಾವ ಬೇಕರಿ ಅಂಕಲ್ ನಿಮ್ದು?’ ಎಂದು ಕೇಳಿದಳು. ಈ ಪ್ರಶ್ನೆಯನ್ನು ಮಾವನಿಗೆ ಗೌರವದಿಂದ ಕೇಳಿದವರನ್ನು ನಾನು ನೋಡಿದ್ದು ಅದೇ ಮೊದಲು. ಅವಳು ಕೋಲಾರದ ಕಡೆಯವಳು, ಹೋಟೆಲ್ ಮ್ಯಾನೇಜ್‌ಮೆಂಟ್ ಡಿಪ್ಲೊಮಾ ಮಾಡಿದವಳು. ಬೆಳಿಗ್ಗೆ ನಾಲ್ಕೂವರೆಗೆ ಕೆಲಸಕ್ಕೆ ಬರುತ್ತಾಳೆ. ಸಂಬಳ ಹದಿನೆಂಟು ಸಾವಿರ. ಆ ಅಂಗಡಿಯ ತಿಂಡಿಯನ್ನು ದುಡ್ಡು ಕೊಟ್ಟು ಒಮ್ಮೆಯೂ ತಿಂದಿಲ್ಲವಂತೆ. ಗಾಜಿನ ಗೋಡೆಯ ಹಿಂದೆ ನಿಂತ ಮಾತ್ರಕ್ಕೆ ಬದುಕು ಹಗುರ ಎಂದುಕೊಳ್ಳಬೇಡಿ.

ಬಿಲ್ ಬಂತು. ಎರಡು ಕ್ರೊಸಾಂಟ್, ಎರಡು ಕಾಫಿ, ತೆರಿಗೆ ಸೇರಿ 840. ಮಾವ ನನ್ನ ಕೈಯಿಂದ ಬಿಲ್ ತೆಗೆದುಕೊಂಡು ಕನ್ನಡಕ ಹಾಕಿಕೊಂಡು ಓದಿದರು. ನಾನು ಬೈಗುಳಕ್ಕೆ ಸಿದ್ಧವಾದೆ.

‘ನ್ಯಾಯವಾಗೇ ಐತೆ’ ಎಂದರು.

ನನಗೆ ಅರ್ಥವಾಗಲಿಲ್ಲ. ಅವರು ಬಿಲ್ಲಿನ ಹಿಂದೆ ಪೆನ್ನಿನಿಂದ ಲೆಕ್ಕ ಹಾಕತೊಡಗಿದರು. ಒಂದಕ್ಕೆ ಇಪ್ಪತ್ತರಿಂದ ಇಪ್ಪತ್ತೈದು ಗ್ರಾಂ ಬೆಣ್ಣೆ, ಅದೇ ಹದಿನೈದು ರೂಪಾಯಿ. ಮೈದಾ, ಹಾಲು, ಸಕ್ಕರೆ, ಯೀಸ್ಟ್. ಎಲ್ಲ ಸೇರಿ ಮೂವತ್ತರೊಳಗೆ. ಉಳಿದದ್ದು? ಎರಡು ದಿನದ ಕೆಲಸ, ಫ್ರಿಜ್, ಎಸಿ, ಮುಖ್ಯರಸ್ತೆ ಪಕ್ಕದ ಬಾಡಿಗೆ, ನಾವು ಮುಕ್ಕಾಲು ಗಂಟೆ ಕೂತ ಕುರ್ಚಿ, ಆ ಹುಡುಗಿ, ಸಂಜೆ ಮಾರಾಟವಾಗದೆ ಉಳಿಯುವ ಮಾಲು. ‘ಇಷ್ಟಕ್ಕೆ ಕೊಡದಿದ್ರೆ ಇವ್ರು ಬಾಗಿಲು ಹಾಕ್ಬೇಕಾಗುತ್ತೆ’ ಎಂದರು. ಆಮೇಲೆ ಇನ್ನೊಂದು ಮೂಲೆಯಲ್ಲಿ ತಮ್ಮ ಪಫ್‌ನ ಲೆಕ್ಕ ಬರೆದರು. ಇಪ್ಪತ್ತು ರೂಪಾಯಿ ಪಫ್‌ನಲ್ಲಿ ಎಲ್ಲ ಖರ್ಚು ಕಳೆದು ಕೈಯಲ್ಲಿ ಉಳಿಯುವುದು ನಾಲ್ಕು. ಆ ಖರ್ಚಿನಲ್ಲಿ ಮಾವ ಬೆಳಗಿನ ಮೂರಕ್ಕೆ ಏಳುವುದಕ್ಕೆ ಕೂಲಿ ಎಂದು ಒಂದು ಸಾಲೂ ಇರಲಿಲ್ಲ. ನಾವು ಅಂದು ಕೊಟ್ಟ 840 ರೂಪಾಯಿ ಅವರ ಕೈಗೆ ಉಳಿಯಬೇಕಾದರೆ 210 ಪಫ್ ಮಾರಬೇಕು.

‘ಇವ್ರದ್ದು ಜಾಸ್ತಿ ಅಲ್ಲ ಕಣಮ್ಮ’ ಎಂದರು, ‘ನಮ್ದು ಕಮ್ಮಿ.’

ಹಾಗಾದರೆ ಏರಿಸಿ ಎಂದೆ. ಮಾವ ನನ್ನ ಮುಖ ನೋಡಿ ನಕ್ಕರು. ಹದಿನೆಂಟು ರೂಪಾಯಿಯ ಗಲಾಟೆ ಇಬ್ಬರಿಗೂ ನೆನಪಾಯಿತು ಎಂದು ಕಾಣುತ್ತದೆ.

ಯೂರೋಪಿನ ತಿಂಡಿಯ ಇಂಥ ಅಂಗಡಿಗಳನ್ನು ಬೈಯುವ ಬರಹಗಳನ್ನು ನಾನೂ ಓದಿದ್ದೇನೆ. ಶೋಕಿ, ಸೆಲ್ಫಿ, ಅಪ್ಪನ ದುಡ್ಡು ಇತ್ಯಾದಿ. ನನಗೆ ಆ ಬೈಗುಳದಲ್ಲಿ ಪಾಲು ಬೇಡ. ಕಷ್ಟಪಟ್ಟು ಮಾಡಿದ ತಿಂಡಿಗೆ ಸರಿಯಾದ ಬೆಲೆ ಇಟ್ಟು ತೆಗೆದುಕೊಳ್ಳುವುದರಲ್ಲಿ ತಪ್ಪೇನಿದೆ? ತಪ್ಪು ಇರುವುದು ಬೇರೆ ಕಡೆ. ಅಲ್ಲಿ 190ಕ್ಕೆ ತುಟಿ ಬಿಚ್ಚದ ನಾವೇ ಬಸ್ ಸ್ಟ್ಯಾಂಡಿನಲ್ಲಿ ಎರಡು ರೂಪಾಯಿಗೆ ಜಗಳ ಆಡುತ್ತೇವೆ. ಅಲ್ಲಿ ಟಿಪ್ಸ್ ಡಬ್ಬಿಗೆ ಇಪ್ಪತ್ತು ಹಾಕುವವರು ಇಲ್ಲಿ ಚಿಲ್ಲರೆಗೆ ಚಾಕೊಲೇಟ್ ಕೊಟ್ಟರೆ ಮುಖ ಗಂಟು ಹಾಕುತ್ತೇವೆ. ನಮ್ಮ ಮೊದಲ ಸಂಬಳ ಹದಿನೈದು ಸಾವಿರ ಎಂದರೆ ‘ನಮ್ಮ ಓದಿಗೆ ಬೆಲೆ ಇಲ್ಲವೇ’ ಎಂದು ಕೇಳುವ ನಾವು, ಇಪ್ಪತ್ತು ರೂಪಾಯಿಯಲ್ಲಿ ಇನ್ನೊಬ್ಬರ ನಿದ್ದೆಯೂ ಸೇರಿದೆ ಎಂದು ಯಾಕೆ ಎಣಿಸುವುದಿಲ್ಲ?

ಇದರ ಅರ್ಥ ಡಿಗ್ರಿ ಮಾಡಿದವರೆಲ್ಲ ಬೋಂಡದ ಗಾಡಿ ಹಾಕಿ ಎಂದಲ್ಲ. ಕೆಲಸ ಕೇಳಿದಾಗ ಕೊಡುವ ಆ ಉಪದೇಶ ಕೇಳಿದರೆ ನನಗೂ ಮೈ ಉರಿಯುತ್ತದೆ. ಎರಡು ವರ್ಷ ಓದಿದವರಿಗೆ ಪರೀಕ್ಷೆಯೂ ಬೇಕು, ಸರಿಯಾದ ಹೊತ್ತಿಗೆ ನೇಮಕಾತಿಯೂ ಬೇಕು. ಅದಕ್ಕೆ ಇದು ಬದಲಿ ಅಲ್ಲ. ಆದರೆ ಬೇಕರಿ ಕೆಲಸವನ್ನು ‘ಏನೂ ಸಿಗದವರು ಮಾಡುವ ಕೆಲಸ’ ಎಂಬ ಪಟ್ಟಿಗೆ ಸೇರಿಸಿದವರು ಯಾರು? ಕಲಿಯಬೇಕು ಎನ್ನುವವರಿಗೆ ದಾರಿಗಳಿವೆ. ಬೆಂಗಳೂರಿನ ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾಲಯದವರು ಬೇಕರಿ ತರಬೇತಿ ಕೊಡುತ್ತಾರೆ. ಮೈಸೂರಿನ ಸಿಎಫ್‌ಟಿಆರ್‌ಐನಲ್ಲಿ ಹಿಟ್ಟು ಮತ್ತು ಬೇಕಿಂಗ್ ಬಗ್ಗೆಯೇ ಒಂದು ವಿಭಾಗ ಇದೆ. ಎರಡು ವರ್ಷ ವಿಜಯನಗರದಲ್ಲಿ ಇದ್ದೂ ಇವುಗಳ ಬಗ್ಗೆ ನನಗೆ ಯಾರೂ ಹೇಳಲಿಲ್ಲ, ನಾನೂ ಯಾರನ್ನೂ ಕೇಳಲಿಲ್ಲ. ಯಾವ ಇಲಾಖೆಯಲ್ಲಿ ಎಷ್ಟು ಹುದ್ದೆ ಖಾಲಿ ಎಂಬುದು ಮಾತ್ರ ನಾಲಿಗೆಯ ತುದಿಯಲ್ಲಿದೆ.

ಮಾವನಿಗೆ ಈಗ ಐವತ್ತೆಂಟು. ಮೊಣಕಾಲು ನೋವು. ಅವರ ಮಗ ಹೊಸೂರಿನ ಒಂದು ಕಂಪನಿಯಲ್ಲಿದ್ದಾನೆ, ವಾಪಸ್ ಬರುವುದಿಲ್ಲ. ಒಲೆಮನೆಯಲ್ಲಿದ್ದ ಇಬ್ಬರು ಹುಡುಗರಲ್ಲಿ ಒಬ್ಬ ಡೆಲಿವರಿ ಕೆಲಸಕ್ಕೆ ಹೋದ. ಮುಂದಿನ ಯುಗಾದಿಯವರೆಗೆ ನೋಡಿ ಅಂಗಡಿ ಬಾಡಿಗೆಗೆ ಕೊಟ್ಟುಬಿಡುವ ಯೋಚನೆ ಇದೆ ಎಂದು ಮಾವ ಅಂದು ಯಶವಂತಪುರ ಸ್ಟೇಷನ್ನಿಗೆ ಹೋಗುವ ಆಟೊದಲ್ಲಿ ಹೇಳಿದರು. ಯಾರು ಕೇಳುತ್ತಿದ್ದಾರೆ ಎಂದೆ. ಮೊಬೈಲ್ ಅಂಗಡಿಯವರಂತೆ.

ಆಗ ನನಗೆ ಒಂದು ವಿಷಯ ಹೊಳೆಯಿತು. ಮಾವ ಅಂಗಡಿಯ ಮುಂದಿನ ಗತಿಯ ಬಗ್ಗೆ ತಮ್ಮ ಮಗನನ್ನು ಕೇಳಿದ್ದಾರೆ. ಅತ್ತೆಯ ಅಣ್ಣನ ಮಗನನ್ನು ಕೇಳಿದ್ದಾರೆ. ಒಲೆಮನೆಯ ಹುಡುಗನನ್ನೂ ಕೇಳಿದ್ದಾರೆ. ನನ್ನನ್ನು ಕೇಳಿಲ್ಲ. ಅವರ ತಪ್ಪಲ್ಲ, ನಾನು ಗೇಟಿನಿಂದಲೇ ಕಳಿಸಿದವಳು. ಅದೂ ಅಲ್ಲದೆ ಹೆಣ್ಣುಮಗಳು ಬೆಳಗಿನ ಜಾವ ಮೂರಕ್ಕೆ ಒಲೆಯ ಮುಂದೆ ನಿಲ್ಲುವುದನ್ನು ನಮ್ಮೂರಿನಲ್ಲಿ ಯಾರೂ ಕಂಡಿಲ್ಲ. ನಾನೂ ಕಂಡಿರಲಿಲ್ಲ, ಆ ಗಾಜಿನ ಗೋಡೆಯ ಆಚೆ ನೋಡುವ ತನಕ. ಆ ಅಂಗಡಿಗೆ ನಾನು ಕೊಟ್ಟ ದುಡ್ಡಿನಲ್ಲಿ ಈ ಒಂದು ನೋಟವನ್ನೂ ಸೇರಿಸಿಕೊಳ್ಳುತ್ತೇನೆ.

‘ಮಾವ, ರಜಕ್ಕೆ ಬಂದಾಗ ಮೂರು ಗಂಟೆಗೆ ನಾನೂ ಒಳಗೆ ಬರ್ಲಾ?’ ಎಂದೆ.

ಮಾವ ಸ್ಟೇಷನ್ ಬರುವ ತನಕ ಉತ್ತರ ಕೊಡಲಿಲ್ಲ. ಆಟೊ ಇಳಿದು ದುಡ್ಡು ಕೊಡುವಾಗ, ‘ಪರೀಕ್ಷೆ ಯಾವಾಗ?’ ಎಂದು ಮಾತ್ರ ಕೇಳಿದರು.

ಪರೀಕ್ಷೆಗೆ ಅರ್ಜಿ ಹಾಕಿದ್ದೇನೆ. ಈ ಸಲ ಒಂದೂಕಾಲು ಅಂಕ ಹೇಗಾದರೂ ಸಂಪಾದಿಸಲೇಬೇಕೆಂದು ರೀಡಿಂಗ್ ರೂಮಿನಲ್ಲಿ ಒಂದು ಗಂಟೆ ಹೆಚ್ಚು ಕೂರುತ್ತಿದ್ದೇನೆ. ಕೆಲಸ ಸಿಕ್ಕರೆ ಸೇರುತ್ತೇನೆ, ಅದರಲ್ಲಿ ಅನುಮಾನವಿಲ್ಲ. ಬಿ.ಕಾಂ. ಓದಿದವಳು ಬೇಕರಿಯ ಲೆಕ್ಕ ನೋಡಿಕೊಂಡರೆ, ಪಫ್‌ನ ಜೊತೆಗೆ ಬೆಣ್ಣೆ ಹಾಕಿದ್ದನ್ನೂ ಒಂದಿಷ್ಟು ಮಾಡಿ ಅದಕ್ಕೆ ತಕ್ಕ ಬೆಲೆ ಇಟ್ಟರೆ ತಿಪಟೂರಿನಲ್ಲಿ ನಡೆಯುತ್ತದೋ ಇಲ್ಲವೋ ಎಂಬ ಲೆಕ್ಕವೂ ಇತ್ತೀಚೆಗೆ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ನಡೆಯುತ್ತಿದೆ. ಫ್ರಿಜ್ಜಿನ ಬೆಲೆ ಹತ್ತಿರ ಬಂದಾಗಲೆಲ್ಲ ಆ ಲೆಕ್ಕ ನಿಲ್ಲುತ್ತದೆ.

ಮೊನ್ನೆ ರಾತ್ರಿ ಮಾವ ಫೋನ್ ಮಾಡಿದ್ದರು. ಅಮ್ಮನ ಬಿಪಿ, ಮಳೆ, ಕೊಬ್ಬರಿ ರೇಟು ಎಲ್ಲ ಮಾತಾಡಿ, ಇಡುವ ಮುಂಚೆ ಹೇಳಿದರು: ‘ಶನಿವಾರ ಬರೋದಾದ್ರೆ ಬಳೆ ಬಿಚ್ಚಿಟ್ಟು ಬಾ. ತಲೆಗೆ ಕಟ್ಟೋಕೆ ಒಂದು ಹಳೇ ವೇಲು ತಗೊಂಡ್ ಬಾ. ಉದ್ದ ತೋಳಿನ ಬಟ್ಟೆ ಹಾಕ್ಕೊ, ತಟ್ಟೆ ಸುಡುತ್ತೆ.’